ಪಾಲಾಯಿತು ನಗರ, ಪಾಲುದಾರರೆಲ್ಲಿ?

ಅಣ್ಣತಮ್ಮಂದಿರು ಪಾಲಾಗುವಾಗ ಊರಿನ ನಾಲ್ಕು ಮಂದಿ ಹಿರಿಯರನ್ನು ಕೂಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಯಾರಿಗೆ ಯಾವ ಕೋಣೆ, ಯಾರಿಗೆ ಯಾವ ಹೊಲ, ಹಳೆಯ ಸಾಲದ ಹೊರೆ ಯಾರ ಹೆಗಲಿಗೆ ಎಂಬುದನ್ನೆಲ್ಲ ಪಾಲುದಾರರ ಎದುರಿನಲ್ಲಿಯೇ ಬರೆದು ಓದಿ ಹೇಳಿ ರುಜು ಹಾಕಿಸುತ್ತಾರೆ. ಅನಂತರ ಜಗಳವಾದರೂ ತಮ್ಮನ್ನು ಕೇಳಲಿಲ್ಲವೆಂದು ಯಾರೂ ಹೇಳುವಂತಿಲ್ಲ.

2025ರ ಸೆಪ್ಟೆಂಬರ್ 2ರಂದು ಬೆಂಗಳೂರು ನಗರ ಐದು ಪಾಲಾಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಂಬ ಒಂದು ಮನೆ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾದುವು. ಅವುಗಳ ನೆತ್ತಿಯ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿತು. ಆಯುಕ್ತರು ನೇಮಕವಾದರು, ಕಚೇರಿಗಳಿಗೆ ಬೋರ್ಡು ಬಿದ್ದಿತು, ಕಡತಗಳು ಹಂಚಿಕೆಯಾದುವು. ಎಲ್ಲವೂ ಆಯಿತು. ಆದರೆ ಆ ದಿನ ಐದರಲ್ಲಿ ಯಾವ ಪಾಲಿಕೆಯಲ್ಲಿಯೂ ಜನರು ಆರಿಸಿ ಕಳಿಸಿದ ಸದಸ್ಯ ಒಬ್ಬನೇ ಒಬ್ಬನೂ ಇರಲಿಲ್ಲ. ಪಾಲುಪಟ್ಟಿ ಬರೆದವರು ಪಾಲುದಾರರನ್ನೇ ಕರೆಯಲಿಲ್ಲ.

ಬೆಂಗಳೂರಿನ ಮಾತು ಜಿಲ್ಲೆಯ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಎರಡು ಕಾರಣಗಳಿವೆ. ನಮ್ಮ ತಾಲ್ಲೂಕುಗಳಿಂದ ಹೊಟ್ಟೆಪಾಡಿಗೆ ಹೊರಟವರು ಬಸ್ಸಿಳಿದು ನೆಲೆ ಹುಡುಕಿದ್ದು ಹೆಚ್ಚಾಗಿ ಆ ನಗರದ ಪಶ್ಚಿಮ ಭಾಗದಲ್ಲಿಯೇ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾ ಮಿಲ್ಲುಗಳ ಪಾಳಿಗೆ ಹೋದವರ ಮಕ್ಕಳು ಇಂದು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ, ರಾಜಾಜಿನಗರದ ಸಣ್ಣ ಕಾರ್ಖಾನೆಗಳಲ್ಲಿ, ವಿಜಯನಗರ ಬಸವೇಶ್ವರನಗರಗಳ ಅಂಗಡಿಗಳಲ್ಲಿ ದುಡಿಯುತ್ತಿದ್ದಾರೆ. ಅವರ ಕಷ್ಟ ನಮ್ಮ ಮನೆಯ ಕಷ್ಟ. ಎರಡನೆಯದಾಗಿ, ರಾಜಧಾನಿಯಲ್ಲಿ ಇಂದು ನಡೆದ ಕೆಟ್ಟ ಸಂಪ್ರದಾಯ ನಾಳೆ ಜಿಲ್ಲೆಗೆ ಬರುತ್ತದೆ. ಬಂದೂ ಇದೆ. 2016ರಲ್ಲಿ ಆರಿಸಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಆ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದುದನ್ನು ನಾವೇ ಕಂಡಿದ್ದೇವೆ. 1983ರ ಕಾಯಿದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಆರಿಸಿ ಇಡೀ ದೇಶಕ್ಕೆ ದಾರಿ ತೋರಿದ, ನಜೀರ್ ಸಾಬರು ಮಂತ್ರಿಯಾಗಿದ್ದ ನಾಡು ಇದು ಎಂಬುದನ್ನು ನೆನೆದರೆ ತಲೆ ತಗ್ಗಿಸಬೇಕಾಗುತ್ತದೆ.

ಐದು ವರ್ಷದ ಬೀಗ

ಬೆಂಗಳೂರಿನ ಮತದಾರರು ತಮ್ಮ ಅಖಂಡ ಪಾಲಿಕೆಗೆ ಕಡೆಯ ಬಾರಿ ಮತ ಹಾಕಿದ್ದು 2015ರ ಆಗಸ್ಟ್ 22ರಂದು. ಆಗ 198 ವಾರ್ಡುಗಳಿದ್ದುವು. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಡಳಿತಾಧಿಕಾರಿ ಬಂದರು, ಕೌನ್ಸಿಲಿನ ಸಭಾಂಗಣಕ್ಕೆ ಬೀಗ ಬಿದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ಚುನಾವಣೆಯ ವೇಳಾಪಟ್ಟಿಯನ್ನು ಆರು ವಾರದೊಳಗೆ ಹೊರಡಿಸಬೇಕೆಂದು ಹೈಕೋರ್ಟು ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿ ತಡೆ ತಂದಿತು. ಅಲ್ಲಿಂದಾಚೆಗೆ ವಾರ್ಡುಗಳ ಲೆಕ್ಕ ಸಂತೆಯ ಬೆಲೆಯಂತೆ ಏರಿಳಿಯಿತು: 198 ಇದ್ದುದು 2022ರಲ್ಲಿ 243 ಆಯಿತು, 2023ರಲ್ಲಿ 225ಕ್ಕೆ ಇಳಿಯಿತು, 2025ರಲ್ಲಿ ಐದು ಪಾಲಿಕೆಗೂ ಸೇರಿ 369 ಆಯಿತು. ಇವುಗಳಲ್ಲಿ 112 ವಾರ್ಡು ಪಶ್ಚಿಮ ಪಾಲಿಕೆಯದು. ಐದರಲ್ಲಿಯೂ ಅದೇ ದೊಡ್ಡ ಸಂಖ್ಯೆ. ಪ್ರತಿ ಸಲ ಗೆರೆ ಅಳಿಸಿ ಬರೆದಾಗಲೂ ಆಕ್ಷೇಪಣೆ, ಮೀಸಲಾತಿ ಪಟ್ಟಿ, ಮೊಕದ್ದಮೆ, ಮತ್ತೆ ವಾಯಿದೆ.

ಇದು ಒಂದು ಪಕ್ಷದ ಪಾಪವಲ್ಲ. 2020ರಲ್ಲಿ ಅಧಿಕಾರದಲ್ಲಿದ್ದುದು ಭಾರತೀಯ ಜನತಾ ಪಕ್ಷ. 2023ರ ಮೇಯಿಂದ ಕಾಂಗ್ರೆಸ್ಸು. ವಿರೋಧದಲ್ಲಿರುವಾಗ ಚುನಾವಣೆ ಬೇಕೆಂದು ಕೂಗುವುದು, ಗದ್ದುಗೆ ಏರಿದ ಮೇಲೆ ಗೆರೆ ಎಳೆಯುವುದಕ್ಕೆ ಕೂರುವುದು, ಈ ವಿದ್ಯೆಯಲ್ಲಿ ಇಬ್ಬರಿಗೂ ಸಮನಾದ ಪಾಂಡಿತ್ಯವಿದೆ.

ಕಾನೂನು ಏನು ಹೇಳುತ್ತದೆ? 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಂತೆ ನಗರಸಭೆಯ ಆಯುಸ್ಸು ಐದೇ ವರ್ಷ, ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ವಾರ್ಡು ವಿಂಗಡಣೆಯ ನೆಪ ಹೇಳಿ ಮುಂದೂಡುವಂತಿಲ್ಲವೆಂದು ಅಹಮದಾಬಾದ್ ನಗರಸಭೆಯ ಕಿಶನ್‌ಸಿಂಗ್ ತೋಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿದೆ. ಪಶ್ಚಿಮ ಬೆಂಗಳೂರಿನ ಹಳೆಯ ಕಾರ್ಮಿಕರಿಗೆ ಇನ್ನೊಂದು ತೀರ್ಪೂ ನೆನಪಿರಬೇಕು. ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟು ಕೂಡ ಕೆಡವಲಾಗದು ಎಂದು 1980ರಲ್ಲಿ ಸಾರಿದ ತೀರ್ಪು ಮಿನರ್ವ ಮಿಲ್ಲಿನ ಹೆಸರಿನಲ್ಲಿಯೇ ಇದೆ. ಮಿಲ್ಲು ಮುಚ್ಚಿತು, ತೀರ್ಪು ಉಳಿಯಿತು. ಆ ಸಂವಿಧಾನವೇ ವಿಧಿಸಿದ ಚುನಾವಣೆಯನ್ನು ಅದೇ ಬೀದಿಗಳಲ್ಲಿ ಐದು ವರ್ಷ ನಡೆಸದೆ ಇದ್ದರು.

ಕೆಂಗೇರಿಯ ಪಾಠ

ನಗರವನ್ನು ಒಡೆದದ್ದೇ ತಪ್ಪು ಎಂದು ನಾವು ವಾದಿಸುವುದಿಲ್ಲ. ಕೋಟಿ ದಾಟಿದ ಜನಕ್ಕೆ ಒಂದೇ ಕಚೇರಿ ಸಾಲದು ಎಂಬ ಮಾತಿನಲ್ಲಿ ತಿರುಳಿದೆ. ಆಡಳಿತ ಜನರ ಹತ್ತಿರಕ್ಕೆ ಬರಬೇಕೆಂಬುದು ಸಮಾಜವಾದಿಗಳ ಹಳೆಯ ಮಾತು. ಗ್ರಾಮ, ಜಿಲ್ಲೆ, ರಾಜ್ಯ, ಕೇಂದ್ರ ಎಂದು ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಹೇಳಿದ್ದರ ಅರ್ಥವೇ ಅದು. ನಮ್ಮ ತಕರಾರು ಬೇರೆ. ಕೂಡಿಸುವಾಗಲೂ ಒಡೆಯುವಾಗಲೂ ಜನರನ್ನು ಹೊರಗೆ ನಿಲ್ಲಿಸುವುದು ಒಂದು ಚಟವಾಗಿದೆ ಎಂಬುದೇ ನಮ್ಮ ತಕರಾರು.

ಹಿಂದೆ ಹೀಗಿರಲಿಲ್ಲ. 1949ರಲ್ಲಿ ಪೇಟೆಯ ಮುನಿಸಿಪಾಲಿಟಿ, ದಂಡಿನ ಮುನಿಸಿಪಾಲಿಟಿ ಎರಡೂ ಸೇರಿ ಕಾರ್ಪೊರೇಷನ್ ಆದಾಗ ಪೇಟೆಯ ಮುನಿಸಿಪಾಲಿಟಿಗೆ ಅಧ್ಯಕ್ಷರಾಗಿದ್ದ ಆರ್. ಸುಬ್ಬಣ್ಣನವರೇ ಮೊದಲ ಮೇಯರ್ ಆದರು. ಮರುವರ್ಷವೇ ಚುನಾವಣೆಯೂ ನಡೆಯಿತು.

ಇನ್ನು 2007ರ ಕಥೆ ನೋಡಿರಿ. ಆಗ ಏಳು ನಗರಸಭೆಗಳನ್ನು, ಒಂದು ಪುರಸಭೆಯನ್ನು, 110 ಹಳ್ಳಿಗಳನ್ನು ಹಳೆಯ ಪಾಲಿಕೆಗೆ ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಆ ಒಂದು ಪುರಸಭೆ ಕೆಂಗೇರಿ. ಅದುವರೆಗೆ ಕೆಂಗೇರಿಯ ಮನುಷ್ಯ ನಲ್ಲಿಯ ನೀರು ನಿಂತರೆ, ಚರಂಡಿ ಕಟ್ಟಿದರೆ ತನ್ನೂರಿನ ಪುರಸಭೆಯ ಬಾಗಿಲಿಗೆ ನಡೆದುಹೋಗಿ ಅಧ್ಯಕ್ಷನನ್ನು ಹೆಸರು ಹಿಡಿದು ಕರೆಯಬಹುದಾಗಿತ್ತು. ಬೃಹತ್ ಪಾಲಿಕೆ ಬಂದ ಮೇಲೆ ಪುರಸಭೆ ಹೋಯಿತು. ಬದಲಿಗೆ ವಾರ್ಡಿನ ಸದಸ್ಯ ಸಿಕ್ಕಿದ್ದು 2010ರ ಮಾರ್ಚಿ 28ರ ಚುನಾವಣೆಯಾದ ಮೇಲೆ. ಮೂರು ವರ್ಷಕ್ಕೂ ಮೇಲೆ ಆ ಊರಿಗೆ ಹಳೆಯ ಪುರಸಭೆಯೂ ಇಲ್ಲ, ಹೊಸ ಸದಸ್ಯನೂ ಇಲ್ಲ. ಹೊಸ ಸಂಸ್ಥೆ ಹುಟ್ಟಿದಾಗಲೆಲ್ಲ ಇದೇ ಆಟ. ದೊಡ್ಡ ಸುಧಾರಣೆಯ ಡಂಗುರ ಮುಂದೆ, ಬೀಗ ಹಾಕಿದ ಸಭಾಂಗಣ ಹಿಂದೆ.

ಸೀಮೆಯಾಚೆಯ ರೀತಿ

ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ ಎಂದು ನೋಡಿದರೆ ನಮ್ಮವರ ಉಪಾಯ ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಹಲವು ಕಡೆ ಕೌಂಟಿ ಕೌನ್ಸಿಲ್ ಮೇಲೆ, ಜಿಲ್ಲಾ ಕೌನ್ಸಿಲ್ ಕೆಳಗೆ ಎಂದು ಎರಡು ಅಂತಸ್ತಿನ ಆಡಳಿತವಿತ್ತು. ಈಚೆಗೆ ಅವನ್ನು ತೆಗೆದು ಎಲ್ಲ ಕೆಲಸಕ್ಕೂ ಒಂದೇ ಕೌನ್ಸಿಲ್ ಮಾಡುತ್ತಿದ್ದಾರೆ. ಕಂಬ್ರಿಯಾ ಎಂಬ ಸೀಮೆಯಲ್ಲಿ ಒಂದು ಕೌಂಟಿ ಕೌನ್ಸಿಲನ್ನೂ ಆರು ಜಿಲ್ಲಾ ಕೌನ್ಸಿಲುಗಳನ್ನೂ ರದ್ದುಮಾಡಿ ಕಂಬರ್‌ಲ್ಯಾಂಡ್ ಎಂದು ಒಂದು, ವೆಸ್ಟ್‌ಮೋರ್‌ಲ್ಯಾಂಡ್ ಮತ್ತು ಫರ್ನೆಸ್ ಎಂದು ಇನ್ನೊಂದು, ಹೀಗೆ ಎರಡು ಹೊಸ ಕೌನ್ಸಿಲುಗಳನ್ನು ಕಟ್ಟಿದರು. ಕಂಬರ್‌ಲ್ಯಾಂಡಿನ 46 ಮಂದಿ, ವೆಸ್ಟ್‌ಮೋರ್‌ಲ್ಯಾಂಡಿನ 65 ಮಂದಿ ಸದಸ್ಯರ ಚುನಾವಣೆ ನಡೆದದ್ದು 2022ರ ಮೇ 5ರಂದು. ಆ ಕೌನ್ಸಿಲುಗಳು ಅಧಿಕಾರ ವಹಿಸಿಕೊಂಡದ್ದು 2023ರ ಏಪ್ರಿಲ್ 1ರಂದು. ನಡುವಿನ ಹನ್ನೊಂದು ತಿಂಗಳು ಆರಿಸಿಬಂದವರೇ ಕುಳಿತು ನೌಕರರ, ಆಸ್ತಿಯ, ಆಯವ್ಯಯದ ಹಂಚಿಕೆಯನ್ನು ಸಿದ್ಧಮಾಡಿಕೊಂಡರು.

ಅಲ್ಲಿ ಮೊದಲು ಮತ, ಆಮೇಲೆ ಬೋರ್ಡು. ಇಲ್ಲಿ ಮೊದಲು ಬೋರ್ಡು. ಅಲ್ಲಿಯವರೆಲ್ಲ ದೇವತೆಗಳೆಂದು ನಾವು ಹೇಳುತ್ತಿಲ್ಲ. ಇಂಥದೇ ಪುನರ್ವಿಂಗಡಣೆಯ ಹೆಸರಿನಲ್ಲಿ 2025ರಲ್ಲಿ ಅಲ್ಲಿಯ ಒಂಬತ್ತು ಪ್ರದೇಶಗಳ ಚುನಾವಣೆಯನ್ನು ಒಂದು ವರ್ಷ ಮುಂದೂಡಿದಾಗ ಅಲ್ಲಿಯೂ ಗದ್ದಲವೆದ್ದಿತು. ಒಂದು ವರ್ಷಕ್ಕೇ ಗದ್ದಲವಾದರೆ ಐದು ವರ್ಷಕ್ಕೆ ಎಷ್ಟು ಗದ್ದಲವಾಗಬೇಕಾಗಿತ್ತು? ನಾವು ಸುಮ್ಮನಿದ್ದೆವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಸದಸ್ಯನಿಲ್ಲದೆ ಏನು ನಷ್ಟ?

ಕಾರ್ಪೊರೇಟರುಗಳು ಇದ್ದಾಗ ಏನು ಸ್ವರ್ಗ ಇಳಿದಿತ್ತು ಎಂದು ಕೇಳುವವರಿದ್ದಾರೆ. ಅದು ಕೇಳತಕ್ಕ ಪ್ರಶ್ನೆಯೇ. ಟೆಂಡರಿನಲ್ಲಿ ಪಾಲು, ಕಟ್ಟಡ ಕಟ್ಟುವವನ ಹತ್ತಿರ ಮಾಮೂಲು, ತನ್ನವರಿಗೇ ಗುತ್ತಿಗೆ ಎಂಬ ದೂರುಗಳನ್ನು ಕೇಳದ ವಾರ್ಡಿಲ್ಲ. ಆದರೆ ಸದಸ್ಯರಿಲ್ಲದ ಐದು ವರ್ಷಗಳಲ್ಲಿ ಗುಂಡಿ ಮುಚ್ಚಿತೆ, ಮಾಮೂಲು ನಿಂತಿತೆ ಎಂದು ಅಂಗಡಿಯವರನ್ನು ಕೇಳಿರಿ. ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ಬೆಳಿಗ್ಗೆ ಅವನ ಮನೆಯ ಬಾಗಿಲಲ್ಲಿ ನಿಂತು ಬೈಯಬಹುದು. ಅಧಿಕಾರಿಯನ್ನು ಯಾರು ಬೈಯುತ್ತಾರೆ? ಬೈಯುವಷ್ಟರಲ್ಲಿ ಅವನಿಗೆ ವರ್ಗವಾಗಿರುತ್ತದೆ.

ಶಾಸಕರಿಲ್ಲವೆ ಎನ್ನುತ್ತಾರೆ. ಬೀಗ ಹಾಕಿದ್ದರ ಲಾಭ ಯಾರಿಗೆ ಎಂಬುದರ ಉತ್ತರ ಅಲ್ಲಿಯೇ ಇದೆ. ಕೌನ್ಸಿಲಿಲ್ಲದ ನಗರದಲ್ಲಿ ಶಾಸಕನೇ ವಾರ್ಡಿಗೂ ಒಡೆಯ. ಯಾವ ಬೀದಿಗೆ ಡಾಂಬರು, ಯಾವ ಉದ್ಯಾನಕ್ಕೆ ಬೇಲಿ ಎಂಬುದು ಅವನ ಮಾತಿನ ಮೇಲೆ ನಿಲ್ಲುತ್ತದೆ. ಕಾನೂನು ಮಾಡಲು ಆರಿಸಿ ಕಳಿಸಿದವನು ಚರಂಡಿಯ ಬಿಲ್ಲು ನೋಡುತ್ತ ಕುಳಿತರೆ ಕಾನೂನೂ ಕೆಡುತ್ತದೆ, ಚರಂಡಿಯೂ ಕೆಡುತ್ತದೆ. 2015ರ ಚುನಾವಣೆಯಾದ ಮೇಲೂ ಇದರ ರುಚಿ ಕಂಡದ್ದಾಗಿದೆ. 198 ಸ್ಥಾನಗಳಲ್ಲಿ ನೂರು ಗೆದ್ದ ಪಕ್ಷಕ್ಕೆ ಮೇಯರ್ ಸ್ಥಾನ ದೊರೆಯಲಿಲ್ಲ. ಶಾಸಕರ, ಮೇಲ್ಮನೆ ಸದಸ್ಯರ, ಸಂಸದರ ಓಟುಗಳು ಸೇರಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಆ ಪಕ್ಷದ ಮೇಲೆ ನಮಗೇನೂ ಮಮತೆಯಿಲ್ಲ. ವಾರ್ಡಿನ ಮತದಾರ ಹೇಳಿದ್ದನ್ನು ಮೇಲಿನ ಮನೆಯವರು ತಿದ್ದಬಹುದು ಎಂಬುದೇ ನಮ್ಮನ್ನು ಕಾಡುವ ಸಂಗತಿ. ಆ ಕೌನ್ಸಿಲಿನ ಐದು ವರ್ಷದಲ್ಲಿ ಐದು ಮಂದಿ ಮೇಯರುಗಳಾದರು. ಹೊಸ ಕಾಯಿದೆ ಮೇಯರಿಗೆ 30 ತಿಂಗಳು ಕೊಟ್ಟಿದೆ. ಅಷ್ಟರಮಟ್ಟಿಗೆ ಅದು ಒಳ್ಳೆಯದೆಂದು ಒಪ್ಪುತ್ತೇವೆ.

ಇನ್ನು ಹಣದ ಮಾತು. 2025-26ನೆಯ ಸಾಲಿಗೆ ಬೃಹತ್ ಪಾಲಿಕೆ ಸುಮಾರು 19,900 ಕೋಟಿ ರೂಪಾಯಿನ ಆಯವ್ಯಯವನ್ನು ಮಂಡಿಸಿತು. ಅದನ್ನು ಮಂಡಿಸಿದವರು ಅಧಿಕಾರಿಗಳು, ಒಪ್ಪಿದವರೂ ಅಧಿಕಾರಿಗಳು. ಒಬ್ಬ ಸದಸ್ಯನೂ ಎದ್ದುನಿಂತು ನಮ್ಮ ವಾರ್ಡಿಗೆ ಎಷ್ಟು ಎಂದು ಕೇಳಲಿಲ್ಲ. ಅದೇ ಏಪ್ರಿಲಿನಿಂದ ಕಸದ ಶುಲ್ಕ ಆಸ್ತಿ ತೆರಿಗೆಯ ಜೊತೆ ಸೇರಿಕೊಂಡಿತು. ವಾಸದ ಮನೆಗಳಿಗೆ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಂದ 400 ರೂಪಾಯಿವರೆಗೆ. ಕಸ ಎತ್ತಲು ಹಣ ಬೇಕು, ನಿಜ. ಆದರೆ ಕಂದಾಯ ಹಾಕುವ ಮುಂಚೆ ಕಂದಾಯ ಕಟ್ಟುವವನ ಪ್ರತಿನಿಧಿಯನ್ನು ಕೇಳಬೇಕೆಂಬುದು ಪ್ರಜಾಪ್ರಭುತ್ವದ ಅ ಆ ಇ ಈ. ಸ್ವಂತ ಮನೆಯವನು ಕಟ್ಟಿದ್ದು ತಿಂಗಳ ಕೊನೆಗೆ ಬಾಡಿಗೆಯವನ ತಲೆಗೆ ಬರುತ್ತದೆ ಎಂಬುದನ್ನು ವಠಾರದಲ್ಲಿರುವ ಯಾವ ಕಾರ್ಮಿಕನಿಗೂ ಬಿಡಿಸಿ ಹೇಳಬೇಕಾದುದಿಲ್ಲ.

ಬೀದಿ ವ್ಯಾಪಾರಿಗಳ ಸ್ಥಿತಿಯೂ ಅದೇ. 2014ರ ಕಾಯಿದೆಯಂತೆ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು. ವಿಜಯನಗರದ ಮೆಟ್ರೋ ನಿಲ್ದಾಣದ ಬಳಿ ಪಾಲಿಕೆ ಬಜಾರು 2024ರಲ್ಲಿ ತೆರೆದಾಗ ಮಳಿಗೆ ಯಾರಿಗೆ, ಬಾಡಿಗೆ ಎಷ್ಟು ಎಂದು ಕೇಳಲು ಆ ವಾರ್ಡಿಗೊಬ್ಬ ಸದಸ್ಯನೇ ಇರಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಸಿದರೆ ಯಾರ ಬಳಿ ಹೋಗಬೇಕೆಂಬುದು ಮುದುಕಿಗೆ ತಿಳಿಯದು. ಬುಟ್ಟಿ ಎತ್ತಿದವನಿಗೂ ತಿಳಿಯದು.

ಪಶ್ಚಿಮದ ಪಾಲು

ಪಾಲಾದ ಮೇಲೆ ಪಶ್ಚಿಮಕ್ಕೆ ಬಂದದ್ದೇನು? ದೊಡ್ಡ ಕಂಪನಿಗಳ ಗಾಜಿನ ಕಟ್ಟಡಗಳು ಹೆಚ್ಚಾಗಿ ಪೂರ್ವದಲ್ಲಿ, ಮಹದೇವಪುರದ ಕಡೆ ಇವೆ. ಹಳೆಯ ಪಾಲಿಕೆಗೆ ಅತಿ ಹೆಚ್ಚು ಆಸ್ತಿ ತೆರಿಗೆ ಬರುತ್ತಿದ್ದುದು ಆ ವಲಯದಿಂದ. ಪಶ್ಚಿಮದ ಆಸ್ತಿ ಬಹುಮಟ್ಟಿಗೆ ಸಣ್ಣ ಸೈಟಿನ ಮನೆ, ಕೆಳಗೆ ಅಂಗಡಿ ಮೇಲೆ ವಾಸ. ವಾರ್ಡು 112, ತೆರಿಗೆ ಕಟ್ಟುವವರು ಚಿಕ್ಕವರು. ಮೇಲಾಗಿ ವೃಷಭಾವತಿ. ನಗರದೊಳಗೆ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿ ದಾಟಿ ಅರ್ಕಾವತಿಯನ್ನು ಸೇರುವ ಆ ನದಿ ಇಂದು ಮನೆಗಳ ಹೊಲಸನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತ ಮೋರಿಯಾಗಿದೆ. ಒಳಚರಂಡಿ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಕಾರ್ಖಾನೆಯ ಕೊಳಕು ಮಾಲಿನ್ಯ ನಿಯಂತ್ರಣ ಮಂಡಳಿಯದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಮೂರು ಕಚೇರಿಗಳ ನಡುವೆ ನದಿ ಸತ್ತಿದೆ. ಶ್ರೀಮಂತ ಪಾಲಿಕೆ ಬಡ ಪಾಲಿಕೆಗಳ ಹಂಚಿಕೆಯ ಮಾತು ಪ್ರಾಧಿಕಾರದಲ್ಲಿ ಬಂದಾಗ ಪಶ್ಚಿಮದ ಪರವಾಗಿ ಗಟ್ಟಿಯಾಗಿ ಕೇಳಬೇಕಾದವರು ಜನ ಆರಿಸಿದ ಕೌನ್ಸಿಲಿನಿಂದ ಬಂದ ಮೇಯರ್. ಮುಖ್ಯಮಂತ್ರಿಗಳ ಮುಂದೆ ಕುಳಿತ ನೇಮಕದ ಆಯುಕ್ತ ಅಷ್ಟು ಗಟ್ಟಿಯಾಗಿ ಮಾತಾಡಲಾರ.

ಏನು ಕೇಳಬೇಕು?

ಆದುದರಿಂದ ಈ ಹೊಸ ಪಾಲಿಕೆಯ ಮತವನ್ನು ಹಳೆಯ ರೀತಿಯಲ್ಲಿ ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ. ಓಟು ಕೇಳಲು ಬಾಗಿಲಿಗೆ ಬರುವವನು ಮೆಟ್ರೋ ತರುತ್ತೇನೆ, ಮೇಲ್ಸೇತುವೆ ತರುತ್ತೇನೆ ಎಂದರೆ ನಂಬಬೇಡಿ. ಅವು ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವ ನಾಲ್ಕು ಸಂಗತಿಗಳನ್ನು ಕೇಳಿರಿ.

ಒಂದನೆಯದು, ವಾರ್ಡ್ ಸಮಿತಿ. ಸಂವಿಧಾನದಲ್ಲಿಯೇ ಬರೆದ ಈ ಸಮಿತಿಗಳು ಬೆಂಗಳೂರಿನಲ್ಲಿ ಕೋರ್ಟಿನ ಒತ್ತಾಯವಿಲ್ಲದೆ ಕಣ್ಣು ಬಿಟ್ಟವಲ್ಲ. ಗೆದ್ದರೆ ತಿಂಗಳಿಗೊಮ್ಮೆ, ಮಿಲ್ಲಿನ ಪಾಳಿ ಮುಗಿದ ಮೇಲೆ ಬರಬಹುದಾದ ಹೊತ್ತಿನಲ್ಲಿ, ಬಾಗಿಲು ತೆರೆದು ಸಭೆ ನಡೆಸುತ್ತೀಯಾ? ಎರಡನೆಯದು, ಲೆಕ್ಕ. ವಾರ್ಡಿಗೆ ಬಂದ ಹಣ, ಕೊಟ್ಟ ಗುತ್ತಿಗೆ, ಗುತ್ತಿಗೆದಾರನ ಹೆಸರು, ಕೆಲಸದ ಅಳತೆ, ಇಷ್ಟನ್ನೂ ಕನ್ನಡದಲ್ಲಿ ಬರೆದು ವಾರ್ಡ್ ಕಚೇರಿಯ ಗೋಡೆಗೆ ಹಚ್ಚುತ್ತೀಯಾ? ಮೂರನೆಯದು, ಬೀದಿ ವ್ಯಾಪಾರಿಗಳ ಸಮಿತಿ ಮತ್ತು ಪೌರಕಾರ್ಮಿಕರ ಸಂಬಳ. ನಗರವನ್ನು ಗುಡಿಸುವವರ ಕೂಲಿ ತಡವಾದರೆ ಕೌನ್ಸಿಲಿನಲ್ಲಿ ಎದ್ದು ನಿಲ್ಲುತ್ತೀಯಾ? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಲೇಬೇಕೆಂದು, ಗೆರೆ ಎಳೆಯುವ ಕೆಲಸವಿದ್ದರೆ ಅದನ್ನು ಒಂದು ವರ್ಷ ಮುಂಚೆಯೇ ಮುಗಿಸಬೇಕೆಂದು ಮೊದಲ ಸಭೆಯಲ್ಲಿಯೇ ಗೊತ್ತುವಳಿ ತರುತ್ತೀಯಾ?

ಅರ್ಧದಷ್ಟು ವಾರ್ಡುಗಳು ಹೆಂಗಸರಿಗೆ ಮೀಸಲು. ಅವು ಮುಖಂಡನ ಹೆಂಡತಿಗೆ, ಗುತ್ತಿಗೆದಾರನ ಸೊಸೆಗೆ ಮೀಸಲಲ್ಲ. ದಿನಕ್ಕೆ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕುಳಿತು ಮನೆಗೆ ಬಂದು ನೀರಿನ ಸರದಿಗೆ ನಿಲ್ಲುವ ಅಕ್ಕತಂಗಿಯರಿಗಿಂತ ವಾರ್ಡಿನ ಸಂಕಟವನ್ನು ಬಲ್ಲವರು ಯಾರು? ಸಂಘಗಳು ಅವರಲ್ಲಿ ಒಬ್ಬಿಬ್ಬರನ್ನಾದರೂ ನಿಲ್ಲಿಸಿ ಚಂದಾ ಎತ್ತಿ ಚುನಾವಣೆ ಮಾಡಿಸಲಿ.

ಕಡೆಯದಾಗಿ ಒಂದು ಕಹಿ ಮಾತು. 2015ರಲ್ಲಿ ಮತಗಟ್ಟೆಗೆ ಹೋದವರು ಹೆಚ್ಚು ಕಡಿಮೆ ಅರ್ಧ ಮಂದಿ. ಹೋದವರಲ್ಲಿ ಸೀರೆಗೆ, ಕುಕ್ಕರಿಗೆ, ನೋಟಿಗೆ ಕೈಯೊಡ್ಡಿದವರಿರಲಿಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರು? ಸಾವಿರ ರೂಪಾಯಿ ಕೊಟ್ಟು ಓಟು ಕೊಂಡವನಿಗೆ ಐದು ವರ್ಷದ ಲೆಕ್ಕ ಕೇಳುವ ಹಕ್ಕು ನಮಗೆ ಉಳಿಯುವುದಿಲ್ಲ. ದಿನಕ್ಕೆ ಅರವತ್ತು ಪೈಸೆಯೂ ಬೀಳದ ಬೆಲೆಗೆ ವಾರ್ಡನ್ನು ಮಾರಿದಂತಾಗುತ್ತದೆ. ಸೊಪ್ಪಿನವಳು ಕೂಡ ಅಂಥ ಚೌಕಾಸಿಗೆ ಒಪ್ಪಲಾರಳು.

ಪಾಲು ಮಾಡುವಾಗ ನಮ್ಮನ್ನು ಕರೆಯಲಿಲ್ಲ ಎಂಬ ದೂರು ನಿಜ. ಆದರೆ ಕರೆ ಬಂದ ದಿನವೂ ಮನೆಯಲ್ಲಿ ಕುಳಿತರೆ ಆ ದೂರಿಗೆ ಬೆಲೆಯಿರುವುದಿಲ್ಲ. ರಾಜಾಜಿನಗರದ ಕಾರ್ಮಿಕರೂ ವಿಜಯನಗರ ಬಸವೇಶ್ವರನಗರಗಳ ವರ್ತಕರೂ ಕೆಂಗೇರಿಯ ಹಳೆಯ ಪೌರರೂ ತಮ್ಮ ತಮ್ಮ ಬೀದಿಗಳಲ್ಲಿ ಹತ್ತು ಹತ್ತು ಮಂದಿ ಕೂಡಿ, ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದು, ಬಂದ ಪ್ರತಿ ಅಭ್ಯರ್ಥಿಯ ರುಜುವನ್ನು ಅದಕ್ಕೆ ಹಾಕಿಸಬೇಕೆಂದು ಕೇಳಿಕೊಳ್ಳುತ್ತೇವೆ. ಇಷ್ಟು ದಿನ ಬರೆಯದೆ ಉಳಿದ ನಮ್ಮ ಪಾಲುಪಟ್ಟಿ ಅದೇ ಆಗಲಿ.